ಮಂಗಳೂರಿನ ಬೊಮ್ಮ: ಒಂದು ಗ್ರಂಥಪರಾಮರ್ಶೆ

ಕಡಲ ಕರೆಯಲ್ಲಿ ನೆಲೆಸಿದ ಜನರ ಮನೆಮಾತಿನಲ್ಲಿ ಹಡಗೇರಿ ಹೋದ ಹಿರಿಯನೊಬ್ಬನ ಸುದ್ದಿ ಆಗೀಗ ಕೇಳಿಬರುವುದುಂಟು. ಆತನ ಹೆಸರು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಬಗೆ. ಹೋದ ವರ್ಷ ಯಾವುದು, ಸೇರಿದ ಬಂದರು ಯಾವುದು, ಮರಳಿ ಬಂದನೋ ಇಲ್ಲವೋ ಎಂಬುದೆಲ್ಲ ಮಸಕು. ಹೊಲಗದ್ದೆಗಳನ್ನು ಮಾಡಿ ಮನೆಯಲ್ಲೇ ಉಳಿದವನ ಹೆಸರು ದಸ್ತಾವೇಜುಗಳಲ್ಲಿ ನಿಂತಿರುತ್ತದೆ. ನೀರ ಮೇಲೆ ನಡೆದವನ ಹೆಜ್ಜೆಯಾದರೋ ನೀರಿನಲ್ಲೇ ಅಳಿಸಿಹೋಗುತ್ತದೆ. ಇಂತಹವನನ್ನು ಹುಡುಕಿ ತೆಗೆಯುವ ಬಗೆ ಹೇಗೆ? ಹುಡುಕಿದಾಗ ದೊರೆತವನು ನಿಜವಾಗಿ ಆತನೇ ಎಂದು ನಂಬುವ ಬಗೆ ಹೇಗೆ? ಪಾಠಶಾಲೆಗಳಲ್ಲಿ ‘ನಮ್ಮ ಮನೆತನದ ಚರಿತ್ರೆ’ ಎಂದು ಪ್ರಬಂಧ ಬರೆಯಿಸುವ ಅಧ್ಯಾಪಕರೂ ಬರೆಯುವ ವಿದ್ಯಾರ್ಥಿಗಳೂ ಈ ಎರಡು ಪ್ರಶ್ನೆಗಳನ್ನು ಎದುರಿಸಲೇಬೇಕು. ಅದಕ್ಕೆ ನೆರವಾಗಬಲ್ಲ ಗ್ರಂಥವೊಂದನ್ನು ಇಲ್ಲಿ ಪರಾಮರ್ಶಿಸಲು ಬಯಸುತ್ತೇವೆ.

ಶ್ರೀ ಅಮಿತಾವ ಘೋಷ್ ಅವರು ೧೯೯೨ರಲ್ಲಿ ಆಂಗ್ಲಭಾಷೆಯಲ್ಲಿ ಪ್ರಕಟಿಸಿದ ‘ಇನ್ ಎನ್ ಆಂಟಿಕ್ ಲ್ಯಾಂಡ್’ ಎಂಬುದೇ ಆ ಗ್ರಂಥ. ಘೋಷರು ಬಂಗಾಳಿಗಳು, ಕಾದಂಬರಿಕಾರರೆಂದು ಪ್ರಖ್ಯಾತರು. ಆದರೆ ಈ ಗ್ರಂಥ ಕಾದಂಬರಿಯಲ್ಲ. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಿಂದ ಏಡನ್ನಿಗೂ ಅಲ್ಲಿಂದ ಮುಂದೆ ಈಜಿಪ್ಟಿಗೂ ಕಡಲ ಹಾದಿ ಹಿಡಿದ ಒಬ್ಬ ದಾಸನನ್ನು, ಆತನ ಒಡೆಯನ ಮನೆಯ ಕಾಗದಪತ್ರಗಳಲ್ಲಿ ಅರಸುತ್ತ ಹೋದ ಶೋಧನೆಯ ವೃತ್ತಾಂತ ಇದು. ಆ ದಾಸನು ಘೋಷರಿಗೆ ರಕ್ತಸಂಬಂಧದಿಂದ ಹಿರಿಯನಲ್ಲ. ಈಜಿಪ್ಟಿನ ಹಳ್ಳಿಯಲ್ಲಿ ಪರದೇಶಿಯಾಗಿ ಬಾಳುತ್ತಿದ್ದಾಗ, ತಮಗಿಂತ ಎಂಟು ನೂರು ವರ್ಷ ಮೊದಲೇ ಈ ದಾರಿಯಲ್ಲಿ ಬಂದ ಭಾರತೀಯನೊಬ್ಬನಿದ್ದನೆಂಬ ಅರಿವು ತಮಗೂ ಅಲ್ಲಿರುವ ಹಕ್ಕನ್ನು ಕೊಟ್ಟಂತಾಯಿತೆಂದು ಅವರು ಬರೆಯುತ್ತಾರೆ. ಹಾಗಾಗಿ ಆತ ಅವರು ತಾವಾಗಿ ವರಿಸಿಕೊಂಡ ಪೂರ್ವಜ. ತುಳುನಾಡಿನ ಅಂಚಿನಲ್ಲಿರುವ ನಮಗಾದರೋ ಆತನ ನಂಟು ಇನ್ನೂ ಹತ್ತಿರದ್ದು. ಆದುದರಿಂದಲೇ ಈ ಗ್ರಂಥವನ್ನು ನಾವು ಅಭಿಮಾನದಿಂದ ಓದುವುದರ ಜೊತೆಗೆ ಕೊಂಚ ಕಟ್ಟುನಿಟ್ಟಾಗಿಯೂ ಓದಬೇಕಾಗಿದೆ.

ಮೊದಲು ಆಧಾರಗಳ ಮಾತು. ಪ್ರಾಚೀನ ಕೈರೋ ನಗರದ ಭಾಗವಾದ ಫುಸ್ತಾತಿನಲ್ಲಿ ಬೆನ್ ಎಜ್ರಾ ಎಂಬ ಯೆಹೂದ್ಯರ ಪ್ರಾರ್ಥನಾಮಂದಿರವಿದೆ. ದೇವರ ಹೆಸರಿರಬಹುದಾದ ಬರಹವನ್ನು ಹರಿದೆಸೆಯಬಾರದೆಂಬ ನಂಬಿಕೆಯಿಂದ ಅಲ್ಲಿಯ ಜನರು ಹಳೆಯ ಕಾಗದಗಳನ್ನೆಲ್ಲ ಮಂದಿರದ ಒಂದು ಕೋಣೆಯೊಳಗೆ ಹಾಕುತ್ತ ಬಂದರು. ಆ ಕೋಣೆಗೆ ‘ಗೆನೀಜಾ’ ಎಂದು ಹೆಸರು. ಧರ್ಮಗ್ರಂಥಗಳ ಹಾಳೆಗಳೊಂದಿಗೆ ಮದುವೆಯ ಕರಾರು, ವ್ಯಾಪಾರದ ಓಲೆ, ಸಾಲದ ಚೀಟಿ, ಅಡುಗೆಮನೆಯ ಲೆಕ್ಕ ಎಲ್ಲವೂ ಅದರೊಳಗೆ ಬಿದ್ದವು. ಈಜಿಪ್ಟಿನ ಒಣಹವೆಯಲ್ಲಿ ಅವು ಕೊಳೆಯದೆ ಉಳಿದವು. ೧೮೯೬ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಪಂಡಿತ ಸಾಲಮನ್ ಶೆಖ್ಟರರು ಕೈರೋಗೆ ತೆರಳಿ ಆ ರಾಶಿಯ ಬಹುಭಾಗವನ್ನು ಕೇಂಬ್ರಿಜಿಗೆ ಸಾಗಿಸಿದರು. ಅಲ್ಲಿರುವ ತುಣುಕುಗಳೇ ಒಂದು ಲಕ್ಷ ತೊಂಬತ್ತು ಸಾವಿರಕ್ಕೆ ಮಿಕ್ಕಿವೆ. ಉಳಿದವು ಬೇರೆಬೇರೆ ದೇಶಗಳ ಪುಸ್ತಕಭಂಡಾರಗಳಲ್ಲಿ ಚದುರಿಹೋಗಿವೆ. ಯಾರೂ ಚರಿತ್ರೆಗೆಂದು ಕೂಡಿಟ್ಟ ಸಂಗ್ರಹ ಇದಲ್ಲವೆಂಬುದನ್ನು ಮರೆಯಲಾಗದು. ರಾಜಶಾಸನವು ತಾನು ಮುಂದಿನವರಿಗೆ ಏನು ಹೇಳಬೇಕೆಂದು ಮೊದಲೇ ನಿಶ್ಚಯಿಸಿಕೊಂಡು ಕಲ್ಲಿನ ಮೇಲೆ ನಿಲ್ಲುತ್ತದೆ. ಗೆನೀಜಾದ ಚೀಟಿಗೆ ಅಂತಹ ಉದ್ದೇಶವೇ ಇಲ್ಲ. ಆದುದರಿಂದ ಅದು ಬಾಯಿತಪ್ಪಿ ಸತ್ಯವನ್ನಾಡುವುದು ಹೆಚ್ಚು.

ಇಂತಹ ಕಾಗದಗಳಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಮನೆಯ ಪತ್ರಗಳೂ ಇದ್ದವು. ಈತ ಉತ್ತರ ಆಫ್ರಿಕದ ಮಹ್ದಿಯಾ ಎಂಬ ಬಂದರಿನವನು, ಧರ್ಮಪಂಡಿತನ ಮಗ. ಏಡನ್ನಿಗೆ ಬಂದು, ಅಲ್ಲಿಯ ವರ್ತಕರ ಮುಖ್ಯಸ್ಥನಾದ ಮದ್ಮೂನನ ಆಶ್ರಯದಲ್ಲಿ ವ್ಯಾಪಾರ ಕಲಿತು, ೧೧೩೨ಕ್ಕೆ ಮೊದಲೇ ಮಂಗಳೂರನ್ನು ಸೇರಿದನು. ಪತ್ರಗಳಲ್ಲಿ ನಮ್ಮ ಮಂಗಳೂರಿಗೆ ‘ಮಂಜರೂರ್’ ಎಂದು ಹೆಸರು. ಆಳುಪರ ಆಳ್ವಿಕೆಯ ಆ ಪಟ್ಟಣದಲ್ಲಿ ಆತ ಸುಮಾರು ಹದಿನೇಳು ವರ್ಷ ಬಾಳಿದನು. ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣಗಳನ್ನು ಹಡಗಿಗೇರಿಸಿದನು. ಕಂಚಿನ ಪಾತ್ರೆಗಳನ್ನು ಎರಕಹೊಯ್ಯಿಸುವ ಕಾರ್ಖಾನೆಯೊಂದನ್ನೂ ನಡೆಯಿಸಿದನು. ಏಡನ್ನಿನ ಗೆಳೆಯರು ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಚಾಪೆಗಳೊಂದಿಗೆ ಬರೆಯುವ ಕಾಗದವನ್ನೂ ಉಡುಗೊರೆಯಾಗಿ ಕಳುಹಿಸುತ್ತಿದ್ದರು. ತಾಳೆಗರಿಯ ನಾಡಿನಲ್ಲಿ ಕಾಗದ ದುರ್ಲಭವಾಗಿತ್ತು. ಬಂದ ಓಲೆಯ ಬೆನ್ನಿನ ಮೇಲೂ ಅಂಚಿನಲ್ಲೂ ಆತ ತನ್ನ ಲೆಕ್ಕಗಳನ್ನು ಬರೆದುಕೊಂಡನು. ಈ ಜಿಪುಣತನವೇ ಚರಿತ್ರೆಗೆ ಉಪಕಾರವಾಯಿತೆನ್ನಬೇಕು. ಲೆಕ್ಕ ಬೇಕಾಗಿದ್ದರಿಂದ ಓಲೆ ಉಳಿಯಿತು. ಓಲೆ ಉಳಿದುದರಿಂದ ಅದರ ಕೊನೆಯ ಸಾಲಿನಲ್ಲಿದ್ದ ದಾಸನೂ ಉಳಿದನು.

ಆ ದಾಸನು ಆಧುನಿಕ ವಿದ್ವತ್ತಿನ ಕಣ್ಣಿಗೆ ಮೊದಲು ಬಿದ್ದುದು ೧೯೪೨ರಲ್ಲಿ. ಜೆರುಸಲೆಮಿನ ಹೀಬ್ರೂ ವಿದ್ವತ್ಪತ್ರಿಕೆಯೊಂದರಲ್ಲಿ ಸ್ಟ್ರೌಸ್ ಎಂಬ ವಿದ್ವಾಂಸರು ಅಚ್ಚುಮಾಡಿದ ಕೆಲವು ಹಳೆಯ ಪತ್ರಗಳಲ್ಲಿ, ಏಡನ್ನಿನ ಖಲಫ್ ಇಬ್ನ್ ಇಸ್ಹಾಕ್ ಎಂಬಾತ ಮಂಗಳೂರಿನ ಬೆನ್ ಯಿಜುವಿಗೆ ಸುಮಾರು ೧೧೪೮ರಲ್ಲಿ ಬರೆದ ಓಲೆಯೊಂದಿತ್ತು. ಅದರ ಕೊನೆಯಲ್ಲಿ ದಾಸನಿಗೂ ಕ್ಷೇಮಸಮಾಚಾರದ ಒಂದು ಮಾತು. ಆಮೇಲೆ ಮೂವತ್ತೊಂದು ವರ್ಷ ಮೌನ. ೧೯೭೩ರಲ್ಲಿ ಪ್ರಾಧ್ಯಾಪಕ ಗೊಯ್ಟೈನರು ಯೆಹೂದ್ಯ ವರ್ತಕರ ಪತ್ರಗಳ ಅನುವಾದವನ್ನು ಪ್ರಕಟಿಸಿದಾಗ, ಅದೇ ಖಲಫನು ೧೧೩೯ರಲ್ಲಿ ಬರೆದ ಇನ್ನೊಂದು ಓಲೆಯಲ್ಲಿ ಆತ ಮತ್ತೆ ಕಾಣಿಸಿಕೊಂಡನು. ೧೯೭೮ರ ಚಳಿಗಾಲದಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿಯಾಗಿದ್ದ ಘೋಷರು ಆ ಪುಸ್ತಕವನ್ನು ಆಕಸ್ಮಿಕವಾಗಿ ತೆರೆದರು. ೧೯೮೦ರಲ್ಲಿ ಅವರು ಈಜಿಪ್ಟಿಗೆ ಹೊರಟರು.

ಇಲ್ಲಿಯ ಒಂದು ಸಂಗತಿ ನಮ್ಮ ವಿದ್ಯಾರ್ಥಿಗಳ ಗಮನಕ್ಕೆ ಅರ್ಹವಾಗಿದೆ. ಬೆನ್ ಯಿಜುವಿನ ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಅದೂ ಪಂಡಿತರ ಅರಬ್ಬಿಯಲ್ಲ, ಪೇಟೆಯ ಆಡುಮಾತು. ಘೋಷರಾದರೋ ಲತೈಫಾ ಎಂಬ ಕುಗ್ರಾಮದಲ್ಲಿ ರೈತರ ನಡುವೆ ಕುಳಿತು ಅಲ್ಲಿಯ ಆಡುಮಾತಿನ ಅರಬ್ಬಿಯನ್ನು ಕಲಿತವರು. ಅವರ ಹಳ್ಳಿಯ ಉಚ್ಚಾರಣೆಯನ್ನು ಕೇಳಿ ನಕ್ಕವರೂ ಉಂಟು. ಆದರೆ ಮುಂದೆ ಈ ಪತ್ರಗಳನ್ನು ಓದಲು ಕುಳಿತಾಗ, ವ್ಯಾಕರಣಗ್ರಂಥಗಳಲ್ಲಿಲ್ಲದ ಎಷ್ಟೋ ನುಡಿಗಟ್ಟುಗಳು ಆ ಹಳ್ಳಿಯ ಮಾತಿನಲ್ಲಿ ಇನ್ನೂ ಜೀವಂತವಾಗಿದ್ದುದು ಅವರಿಗೆ ತಿಳಿಯಿತು. ಮನೆಯಲ್ಲಿ ಒಂದು ನುಡಿ, ಪೇಟೆಯಲ್ಲಿ ಒಂದು, ಶಾಲೆಯಲ್ಲಿ ಒಂದು ಎಂದು ಬಾಳುವ ನಮ್ಮ ಮಕ್ಕಳು ತಮ್ಮ ಮನೆಮಾತನ್ನು ಕೀಳೆಂದು ಭಾವಿಸುವುದುಂಟು. ಹಳೆಯ ಕಾಗದದ ಬೀಗವನ್ನು ತೆರೆಯುವ ಕೀಲಿಕೈ ಒಮ್ಮೊಮ್ಮೆ ಅಂತಹ ಮನೆಮಾತಿನಲ್ಲಿಯೇ ಇರುತ್ತದೆಂಬುದಕ್ಕೆ ಈ ಗ್ರಂಥ ಉತ್ತಮ ನಿದರ್ಶನ.

ಇನ್ನು ಹೆಸರಿನ ವಿಚಾರ. ಗ್ರಂಥದ ಅತ್ಯಂತ ರಸವತ್ತಾದ ಭಾಗವೂ ಅತ್ಯಂತ ಎಚ್ಚರದಿಂದ ಓದಬೇಕಾದ ಭಾಗವೂ ಇದೇ. ಹೀಬ್ರೂ ಲಿಪಿಯಲ್ಲಿ ಹ್ರಸ್ವಸ್ವರಗಳನ್ನು ಬರೆಯುವ ವಾಡಿಕೆಯಿಲ್ಲ. ದಾಸನ ಹೆಸರಿನಲ್ಲಿ ಗಟ್ಟಿಯಾಗಿ ನಿಂತಿರುವುವು ಬಕಾರ ಮಕಾರಗಳೆರಡೇ. ಗೊಯ್ಟೈನರು ಅದನ್ನು ‘ಬಾಮ’ ಎಂದು ಓದಿ, ಬ್ರಹ್ಮ ಎಂಬುದರ ತದ್ಭವವೆಂದು ಊಹಿಸಿದರು. ಘೋಷರು ಮಂಗಳೂರಿಗೆ ಬಂದು, ತುಳು ಜಾನಪದದ ವಿದ್ವಾಂಸರಾದ ಪ್ರಾಧ್ಯಾಪಕ ಬಿ. ಎ. ವಿವೇಕ ರೈ ಅವರನ್ನು ಕಂಡು, ಅದು ‘ಬೊಮ್ಮ’ ಎಂಬ ಹೆಸರೆಂದು ನಿಶ್ಚಯಿಸಿಕೊಂಡರು. ತುಳುನಾಡಿನ ಬೊಮ್ಮ ಎಂದರೆ ಪುರಾಣದ ಚತುರ್ಮುಖನಲ್ಲ. ಭೂತಗಳ ಒಡೆಯನಾದ ಬೆರ್ಮೆರ್ ಆ ಹೆಸರಿನ ಹಿಂದಿದ್ದಾನೆಂದು ವಿವರಿಸುತ್ತಾರೆ. ಅಲ್ಲಿಂದ ಮುಂದೆ ಆತ ತುಳುವನೆಂದೂ ಭೂತಾರಾಧನೆಯ ಲೋಕದಲ್ಲಿ ಬೆಳೆದವನೆಂದೂ ಚಿತ್ರ ಬೆಳೆಯುತ್ತ ಹೋಗುತ್ತದೆ.

ಊರಿನ ಮಾತನ್ನು ಬಲ್ಲವರ ಬಳಿಗೇ ಹೋಗಿ ಕೇಳಿದ ಘೋಷರ ವಿನಯ ಮೆಚ್ಚತಕ್ಕುದು. ಕೇಂಬ್ರಿಜಿನಲ್ಲಿ ಕುಳಿತವರಿಗೆ ಎಂದೂ ಹೊಳೆಯದ ಸಂಗತಿ ಮಂಗಳೂರಿನಲ್ಲಿ ಒಂದೇ ಮಾತಿಗೆ ಹೊಳೆಯಿತು. ಇಂತಹುದೇ ಇನ್ನೊಂದು ಉದಾಹರಣೆ ಉಂಟು. ಮದ್ಮೂನನು ಮಂಗಳೂರಿನ ಕೆಲವು ವರ್ತಕರಿಗೆ ಪೇಟೆಯ ಧಾರಣೆಯನ್ನು ತಿಳಿಸುವಂತೆ ಬೆನ್ ಯಿಜುವಿಗೆ ಬರೆಯುತ್ತಾನೆ. ಅವರಲ್ಲೊಬ್ಬನ ಹೆಸರಿನ ಕೊನೆಗೆ ‘ಸೀತಿ’ ಎಂದಿದೆ. ಹೊರಗಿನವರಿಗೆ ಅದು ಒಗಟು. ಶೆಟ್ಟಿ ಎಂಬ ಶಬ್ದವನ್ನು ದಿನವೂ ಕೇಳುವ ನಮಗೆ ಒಗಟೇ ಅಲ್ಲ.

ಆದರೂ ಒಂದು ಆಕ್ಷೇಪವನ್ನು ಸೂಚಿಸದೆ ವಿಧಿಯಿಲ್ಲ. ಹೆಸರನ್ನು ಓದುವುದು ಬೇರೆ, ಹೆಸರಿನಿಂದ ಕುಲವನ್ನೂ ಊರನ್ನೂ ತೆಗೆಯುವುದು ಬೇರೆ. ಬೊಮ್ಮ, ಬಮ್ಮ, ಬೊಮ್ಮಯ್ಯ, ಬಮ್ಮಯ್ಯ ಎಂಬ ಹೆಸರುಗಳು ಆ ಕಾಲದ ಕನ್ನಡ ಶಾಸನಗಳಲ್ಲಿ ಘಟ್ಟದ ಮೇಲೂ ಹೇರಳವಾಗಿ ಕಾಣಬರುತ್ತವೆ. ಇವೆಲ್ಲವೂ ಬೆರ್ಮೆರನ ಒಕ್ಕಲೆಂದು ಹೇಳಲು ಬಾರದು. ತುಳುವಿನ ರೂಪವಾದರೋ ಬೆರ್ಮೆ, ಬೆರ್ಮೆರ್ ಎಂದು, ರೇಫ ಸಹಿತವಾದುದು. ಬೊಮ್ಮ ಎಂಬುದು ಕನ್ನಡದ ತದ್ಭವ. ತುಳುನಾಡಿನಲ್ಲಿ ಕನ್ನಡದ ಹೆಸರುಗಳೂ ಬಳಕೆಯಲ್ಲಿದ್ದುದರಿಂದ ಆತ ತುಳುವನಾಗಿರಲಾರನೆಂದು ನಮ್ಮ ವಾದವಲ್ಲ. ತುಳುವನಾಗಿರಬಹುದು. ಘಟ್ಟದ ಮೇಲಿಂದ ಕೂಲಿಗೋ ಸಾಲಕ್ಕೋ ಇಳಿದುಬಂದವನೂ ಆಗಿರಬಹುದು. ಆತ ಯಾವ ಮನೆಯಲ್ಲಿ ಹುಟ್ಟಿದನು, ಹೇಗೆ ದಾಸನಾದನು ಎಂಬುದನ್ನು ಹೇಳುವ ಚೀಟಿ ಬೆನ್ ಯಿಜುವಿನ ಕಾಗದಗಳಲ್ಲಿ ದೊರೆತಿಲ್ಲ. ಘೋಷರು ಮೊದಲಲ್ಲಿ ‘ಬಹುಶಃ’ ಎಂದೇ ಆರಂಭಿಸುತ್ತಾರೆ. ಆದರೆ ಪುಟಗಳು ಸಾಗಿದಂತೆ ಆ ‘ಬಹುಶಃ’ ಸದ್ದಿಲ್ಲದೆ ಜಾರಿಹೋಗುತ್ತದೆ. ಮೊದಲು ಊಹೆಯಾಗಿದ್ದುದು ಆಮೇಲೆ ಮುಂದಿನ ಊಹೆಗೆ ಅಡಿಗಲ್ಲಾಗುತ್ತದೆ. ಮನೆತನದ ಚರಿತ್ರೆ ಬರೆಯುವವರೆಲ್ಲರೂ ಎಡವುವ ಸ್ಥಳ ಇದು.

ಊಹೆಯನ್ನು ಬಿಟ್ಟು ಪತ್ರಗಳಲ್ಲೇ ಇರುವ ಬೊಮ್ಮನನ್ನು ನೋಡಿದರೆ ಆತ ಕಡಿಮೆ ಸ್ವಾರಸ್ಯದ ಮನುಷ್ಯನೇನೂ ಅಲ್ಲ. ೧೧೩೫ರ ಸುಮಾರಿಗೆ ಒಡೆಯನ ಸರಕುಗಳೊಂದಿಗೆ ಆತ ಕಡಲು ದಾಟಿ ಏಡನ್ನಿಗೆ ಹೋದನು. ಬೆಲೆಬಾಳುವ ಸರಕನ್ನು ಒಪ್ಪಿಸಿ, ಮರಳುವಾಗ ಮಂಗಳೂರಿಗೆ ಬೇಕಾದ ಸಾಮಾನುಗಳನ್ನು ತರುವ ಹೊಣೆ ಅವನದಾಗಿತ್ತು. ಅಲ್ಲಿ ಆತ ಕುಡಿದು ಗದ್ದಲವೆಬ್ಬಿಸಿದನೆಂದೂ ಹಣ ಸಾಲದೆಂದು ಮತ್ತೆ ಮತ್ತೆ ಕೇಳಿದನೆಂದೂ ಮದ್ಮೂನನು ದೂರಿ ಬರೆದನು. ಈ ಎಂಟು ಶತಮಾನಗಳಲ್ಲಿ ಬೊಮ್ಮನ ದನಿಯನ್ನು ಹೋಲುವ ಮಾತು ನಮಗೆ ಕೇಳಿಸುವುದು ಅದೊಂದೇ ಕಡೆ. ಅದೂ ದೂರುಗಾರನ ಬಾಯಿಂದ. ವರ್ಷಗಳು ಕಳೆದಂತೆ ಏಡನ್ನಿನ ವರ್ತಕರ ಧಾಟಿ ಬದಲಾಗುತ್ತದೆ. ಅವನಿಗೆ ಆದರದ ನಮಸ್ಕಾರಗಳು ಬರತೊಡಗುತ್ತವೆ. ಕಡೆಗೆ ಬೆನ್ ಯಿಜು ಈಜಿಪ್ಟಿಗೆ ಹೋಗಿ ನೆಲೆಸಿದ ಮೇಲೆ ಬರೆದ ಲೆಕ್ಕದ ಚೀಟಿಯೊಂದರಲ್ಲಿ ಬೊಮ್ಮನಿಗೆ ಸಲ್ಲಬೇಕಾದ ಹಣದ ಬಾಬು ಇದೆ. ಅಮೆರಿಕದ ಫಿಲಡೆಲ್ಫಿಯ ನಗರದ ವಿದ್ಯಾಸಂಸ್ಥೆಯೊಂದರಲ್ಲಿ ಆ ಚೀಟಿಯನ್ನು ಘೋಷರು ಕಂಡ ಪ್ರಸಂಗ ಗ್ರಂಥದ ಕೊನೆಯ ಭಾಗದಲ್ಲಿ ಬರುತ್ತದೆ. ದೂರಿನಿಂದ ಆರಂಭವಾಗಿ ಬಾಕಿ ಹಣದಲ್ಲಿ ಮುಗಿಯುವ ಈ ಜೀವನಚರಿತ್ರೆ ಹತ್ತಾರು ಸಾಲುಗಳದ್ದು. ಆದರೆ ಪ್ರತಿಯೊಂದು ಸಾಲೂ ಪ್ರಮಾಣಸಿದ್ಧವಾದುದು.

ಬಾಕಿಯ ಲೆಕ್ಕ ಇತ್ತೆಂದ ಮೇಲೆ ಆ ದಾಸ್ಯ ಎಂತಹುದು? ತೋಟದಲ್ಲಿ ಸರಪಳಿ ಹಾಕಿ ದುಡಿಸಿದ ಅಮೆರಿಕದ ಗುಲಾಮಗಿರಿಯಂತಲ್ಲವೆಂದೂ, ಆ ಕಾಲದಲ್ಲಿ ದಾಸನೆಂಬವನು ವ್ಯಾಪಾರದ ಶಿಷ್ಯನೂ ಕಾರ್ಯಭಾರಿಯೂ ಆಗಿರಬಹುದಾಗಿತ್ತೆಂದೂ ಘೋಷರು ಸಾಧಿಸುತ್ತಾರೆ. ಅದಕ್ಕೆ ಪೋಷಕವಾಗಿ ಸೂಫಿಗಳ ಭಕ್ತಿಯಲ್ಲಿಯೂ, ಅದೇ ಹನ್ನೆರಡನೆಯ ಶತಮಾನದ ನಮ್ಮ ವಚನಕಾರರಲ್ಲಿಯೂ ದಾಸಭಾವವು ದೇವರೊಡನೆ ಬೆಸೆಯುವ ಬಂಧವಾಗಿದ್ದುದನ್ನು ನೆನಪಿಸುತ್ತಾರೆ. ಬೊಮ್ಮನು ಬಸವಣ್ಣನವರ ಸಮಕಾಲೀನನೆಂಬುದನ್ನು ಒಬ್ಬ ಬಂಗಾಳಿ ಲೇಖಕರು ನಮಗೆ ತೋರಿಸಿಕೊಟ್ಟುದು ಸಂತೋಷದ ಸಂಗತಿಯೇ ಸರಿ. ಆದರೆ ಈ ಹೋಲಿಕೆ ನಮಗೆ ಪೂರ್ತಿಯಾಗಿ ಒಪ್ಪಿಗೆಯಾಗುವುದಿಲ್ಲ. ಶರಣನು ತಾನಾಗಿ ದಾಸನಾದವನು. ಆ ದಾಸ್ಯವನ್ನು ಹೊತ್ತುದರಿಂದಲೇ ಲೋಕದ ಒಡೆಯರ ಮುಂದೆ ತಲೆಯೆತ್ತಿ ನಿಂತವನು. ಬೊಮ್ಮನು ತಾನಾಗಿ ದಾಸನಾದನೆಂಬುದಕ್ಕೆ ಆಧಾರವೇನು? ಒಡೆಯರು ಪರಸ್ಪರ ಬರೆದುಕೊಂಡ ಪತ್ರಗಳಲ್ಲಿ ದಾಸ್ಯ ಸೌಮ್ಯವಾಗಿ ಕಾಣುವುದು ಸಹಜ. ಒಂದು ಪಕ್ಷದ ಕಡತವನ್ನೇ ನೋಡಿ ತೀರ್ಪು ಕೊಡುವಾಗ ನ್ಯಾಯಾಧೀಶನು ಕೊಂಚ ತಡೆಯಬೇಕಾಗುತ್ತದೆ.

ಈ ತಡೆಯುವಿಕೆ ಏಕೆ ಬೇಕೆಂಬುದು ಗ್ರಂಥದಲ್ಲಿ ಬರುವ ಇನ್ನೊಂದು ವ್ಯಕ್ತಿಯಿಂದ ಚೆನ್ನಾಗಿ ತಿಳಿಯುತ್ತದೆ. ೧೧೩೨ನೆಯ ಇಸವಿ ಅಕ್ಟೋಬರ್ ೧೭ರಂದು ಬೆನ್ ಯಿಜು ಮಂಗಳೂರಿನಲ್ಲಿ ಆಶು ಎಂಬ ದಾಸಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟನು. ಆ ಪತ್ರದೊಡನೆ ಆಕೆಗೆ ಬೆರಾಖಾ ಎಂಬ ಹೊಸ ಹೆಸರು ಬಂದಿತು. ಬೆನ್ ಯಿಜುವಿನ ಸೋದರಿಯ ಹೆಸರೂ ಅದೇ. ಆತನ ಲೆಕ್ಕಗಳಲ್ಲಿ ‘ನಾಯರ್’ ಎಂಬವನು ಮೈದುನನೆಂದು ಬರುವುದರಿಂದ, ಆಶು ನಾಯರ್ ಕುಲದವಳೆಂದೂ ಬೆನ್ ಯಿಜುವಿನ ಮಕ್ಕಳ ತಾಯಿಯೆಂದೂ ವಿದ್ವಾಂಸರು ತಿಳಿಯುತ್ತಾರೆ. ೧೧೪೯ರಲ್ಲಿ ಬೆನ್ ಯಿಜು ಮಕ್ಕಳೊಂದಿಗೆ ಏಡನ್ನಿಗೆ ಹೊರಟುಹೋದನು. ಆಗ ಮಹ್ದಿಯಾ ನಗರ ಸಿಸಿಲಿಯ ನಾರ್ಮನರ ವಶವಾಗಿ ಅವನ ಸೋದರರು ದಿಕ್ಕಾಪಾಲಾಗಿದ್ದರು. ಅದೇ ವರ್ಷ ಸೆಪ್ಟೆಂಬರ್ ೧೧ರಂದು ಆತ ಅವರಿಗೆ ಓಲೆ ಬರೆದು, ತನ್ನ ಮಗಳನ್ನು ಅಣ್ಣತಮ್ಮಂದಿರ ಮಗನಿಗೇ ಕೊಡುವ ಇಚ್ಛೆಯನ್ನು ತಿಳಿಸಿದನು. ೧೧೫೬ರಲ್ಲಿ ಫುಸ್ತಾತಿನಲ್ಲಿ ಆಕೆಯ ಮದುವೆ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳಲ್ಲೊಬ್ಬನಾದ ಸುರೂರನೊಡನೆ ನಡೆಯಿತು. ಆಕೆಯ ಹೆಸರು ಸಿತ್ತ್ ಅಲ್-ದಾರ್. ಮನೆಯೊಡತಿ ಎಂದು ಅರ್ಥ. ಈ ಓಲೆ, ಈ ಮದುವೆ ಎಲ್ಲಿಯೂ ಆಶುವಿನ ಸುಳಿವಿಲ್ಲ.

ಇದೇ ನಮ್ಮ ಮುಖ್ಯವಾದ ಆಕ್ಷೇಪ. ಘೋಷರು ಆಶುವನ್ನು ಕುರಿತು ಬರೆದಿಲ್ಲವೆಂದಲ್ಲ. ಆಕೆಯ ವಿಷಯದಲ್ಲಿ ಬೆನ್ ಯಿಜುವಿನ ಮೌನವನ್ನು ಅವರು ಗುರುತಿಸಿದ್ದಾರೆ. ಆದರೆ ಅವರ ಕಣ್ಣು ಕಡಲಿನ ಮೇಲಿದೆ. ಹಡಗೇರಿದ ಗಂಡಸು ಅವರಿಗೆ ಪೂರ್ವಜ. ದಡದಲ್ಲಿ ನಿಂತ ಹೆಂಗಸು ಒಂದು ಪ್ರಸಂಗ. ದಸ್ತಾವೇಜಿನ ದೃಷ್ಟಿಯಿಂದ ನೋಡಿದರೆ ಇದು ತಲೆಕೆಳಗಾದ ಲೆಕ್ಕ. ತೇದಿ, ಸ್ಥಳ, ಹೆಸರು ಮೂರೂ ಸ್ಪಷ್ಟವಾಗಿ ಉಳಿದ ಪತ್ರ ಆಶುವಿನದು. ಬೊಮ್ಮನಿಗೆ ಅಂತಹ ಒಂದು ಪತ್ರವೂ ಇಲ್ಲ.

ಇನ್ನೂ ಮುಂದೆ ಹೋಗಿ ಒಂದು ಮಾತು ಹೇಳಬಹುದು. ಇದನ್ನು ನಮ್ಮ ನಾಡಿನವರಲ್ಲದೆ ಬೇರೆಯವರು ಬೇಗನೆ ಕಾಣರು. ತಂದೆಯ ಸಾಲಿನಲ್ಲಿ ವಂಶವನ್ನೆಣಿಸುವ ಬೆನ್ ಯಿಜುವಿಗೆ ಮಗಳು ಮಹ್ದಿಯಾದ ಪಂಡಿತನ ಮೊಮ್ಮಗಳು. ಆದರೆ ಅಳಿಯಸಂತಾನ ಮರುಮಕ್ಕತ್ತಾಯಗಳ ಲೆಕ್ಕದಲ್ಲಿ ಮಗು ತಾಯಿಯ ಕುಟುಂಬದ್ದು. ಆಶು ನಿಜವಾಗಿ ನಾಯರ್ ಮನೆಯವಳೂ ಆ ಹುಡುಗಿಯ ತಾಯಿಯೂ ಆಗಿದ್ದರೆ, ೧೧೫೬ರಲ್ಲಿ ಫುಸ್ತಾತಿನಲ್ಲಿ ಹಸೆಗೇರಿದ ವಧು ನಮ್ಮ ಕರಾವಳಿಯ ಯಾವುದೋ ತರವಾಡಿನ ಹೆಣ್ಣುಮಗಳು. ಅವಳ ಸೋದರಮಾವನು ಇಲ್ಲಿ ಉಳಿದವನು. ಅವಳೂ ಕಡಲು ದಾಟಿದವಳೇ. ಕಡಲು ದಾಟಿದವರನ್ನು ಹುಡುಕುವಾಗ ನಾವು ಗಂಡಸರನ್ನೇ ಹುಡುಕುತ್ತೇವೆ. ತಾಯಿಯ ಸಾಲಿನಲ್ಲಿ ಹುಡುಕಿದರೆ ಅದೇ ಕಾಗದದಲ್ಲಿ ಇನ್ನೊಬ್ಬರು ದೊರೆಯುತ್ತಾರೆ. ಇದೂ ‘ಆಗಿದ್ದರೆ’ ಎಂಬ ಮಾತಿನ ಮೇಲೆಯೇ ನಿಂತಿದೆಯೆಂಬುದನ್ನು ನಾವು ಮರೆತಿಲ್ಲ. ಘೋಷರಿಗೆ ವಿಧಿಸಿದ ನಿಯಮವು ನಮಗೂ ಅನ್ವಯಿಸತಕ್ಕುದೇ.

ಮಂಗಳೂರಿನ ಭಾಗದಲ್ಲಿ ಬೊಬ್ಬರ್ಯ ಭೂತದ ಪ್ರಸ್ತಾಪ ಬರುತ್ತದೆ. ಕಡಲಿನಲ್ಲಿ ಮಡಿದ ಮುಸಲ್ಮಾನ ನಾವಿಕ ವರ್ತಕನೊಬ್ಬನು ದೈವವಾಗಿ ಮೊಗವೀರರ ಪೂಜೆಗೊಂಡನೆಂಬ ಐತಿಹ್ಯವನ್ನು ನಮ್ಮ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕಾಗದವಿಲ್ಲದ ಜನ ತಮ್ಮ ಕಡಲಯಾನಿಯನ್ನು ಕಾಪಾಡಿಟ್ಟ ಬಗೆ ಇದು. ಗೆನೀಜಾದಲ್ಲಿ ಹೆಸರು ಉಳಿದು ನೆನಪು ಅಳಿಯಿತು. ಬೊಬ್ಬರ್ಯನ ಗುಂಡದಲ್ಲಿ ನೆನಪು ಉಳಿದು ತೇದಿ ಅಳಿಯಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದುದು ಘೋಷರ ಗ್ರಂಥದ ಒಂದು ದೊಡ್ಡ ಗುಣ. ಪುಸ್ತಕಭಂಡಾರದ ಪಂಡಿತನು ಪಾಡ್ದನವನ್ನು ಕಟ್ಟುಕಥೆಯೆಂದು ತಳ್ಳುತ್ತಾನೆ. ಊರಿನವನು ಭಂಡಾರದ ಚೀಟಿಯನ್ನು ಒಣಕಾಗದವೆಂದು ಬದಿಗಿಡುತ್ತಾನೆ. ಇಬ್ಬರ ಮಾತನ್ನೂ ಆಲಿಸುವ ತಾಳ್ಮೆ ಈ ಲೇಖಕರಿಗಿದೆ.

ಅವರ ತಾಳ್ಮೆ ಸ್ವಲ್ಪ ಸಡಿಲವಾಗುವುದು ಕಡಲಿನ ಶಾಂತಿಯನ್ನು ವರ್ಣಿಸುವಾಗ. ವಾಸ್ಕೋ ಡ ಗಾಮನು ೧೪೯೮ರಲ್ಲಿ ಬಂದು ಫಿರಂಗಿಗಳನ್ನು ಹಾರಿಸುವವರೆಗೆ ಈ ಸಮುದ್ರವು ಬಲಾತ್ಕಾರವಿಲ್ಲದ ವ್ಯಾಪಾರದ ಅಂಗಳವಾಗಿತ್ತೆಂಬ ಭಾವನೆ ಗ್ರಂಥದ ತುಂಬ ಹರಡಿದೆ. ಪೋರ್ಚುಗೀಸರು ಮಾಡಿದ ಹಾವಳಿ ಸುಳ್ಳಲ್ಲ. ಆದರೆ ಬೊಮ್ಮನು ಏಡನ್ನಿಗೆ ಹೋದ ಕಾಲಕ್ಕೇ, ೧೧೩೫ರಲ್ಲಿ, ಪಾರಸಿ ಕೊಲ್ಲಿಯ ಕೀಶ್ ದ್ವೀಪದ ಅಮೀರನ ನೌಕಾಸೈನ್ಯ ಏಡನ್ನನ್ನು ಮುತ್ತಿತು. ಈ ಸುದ್ದಿಯೂ ಗೆನೀಜಾದ ಪತ್ರಗಳಲ್ಲೇ ಇದೆ. ಘೋಷರೂ ಅದನ್ನು ಬರೆಯುತ್ತಾರೆ. ಅದಕ್ಕೂ ಮೊದಲು, ೧೦೨೫ರಲ್ಲಿ ಚೋಳರ ನೌಕಾಸೇನೆ ಶ್ರೀವಿಜಯದ ಮೇಲೆ ಬಿದ್ದುದನ್ನು ನಮ್ಮ ಹತ್ತನೆಯ ತರಗತಿಯ ಹುಡುಗರೂ ಬಲ್ಲರು. ಕಳೆದುಹೋದ ಕಾಲದ ಮೇಲಿನ ಮಮತೆ ಒಳ್ಳೆಯದೇ. ಆದರೆ ಮಮತೆಯು ಸಾಕ್ಷಿಯ ಬಾಯಿ ಮುಚ್ಚಬಾರದು.

ಇಷ್ಟು ಆಕ್ಷೇಪಿಸಿದ ಮೇಲೂ, ಗ್ರಂಥದ ರಚನೆಯಲ್ಲಿರುವ ಬಲವನ್ನು ಒಪ್ಪಿಕೊಳ್ಳಬೇಕು. ಬೊಮ್ಮನ ಶೋಧನೆಯೊಂದಿಗೆ ಈಜಿಪ್ಟಿನ ಲತೈಫಾ ಮತ್ತು ನಶಾವಿ ಎಂಬ ಹಳ್ಳಿಗಳ ಇಂದಿನ ಜೀವನ ಹೆಣೆದುಕೊಂಡು ಬರುತ್ತದೆ. ಆ ಹಳ್ಳಿಯ ತರುಣ ನಬೀಲನು ಕೆಲಸಕ್ಕಾಗಿ ಇರಾಕಿಗೆ ಹೋಗುತ್ತಾನೆ. ಅವನು ಕಳುಹಿಸಿದ ಹಣದಿಂದ ಮನೆ ಮೇಲೇಳುತ್ತದೆ. ೧೯೯೦ರಲ್ಲಿ ಕುವೈತಿನ ಮೇಲೆ ಇರಾಕಿನ ದಾಳಿಯಾಗಿ ಪರದೇಶದ ಕೂಲಿಗಳೆಲ್ಲ ಓಡಿಬರುತ್ತಿರುವಾಗ, ಮನೆಯವರು ದೂರದರ್ಶನದ ಮುಂದೆ ಕುಳಿತು ಆ ಜನಸಾಗರದಲ್ಲಿ ನಬೀಲನ ಮುಖವನ್ನು ಹುಡುಕುತ್ತಾರೆ; ಕಾಣುವುದಿಲ್ಲ. ಮಕ್ಕಳನ್ನು ಕೊಲ್ಲಿಯ ನಾಡುಗಳಿಗೆ ಕಳುಹಿಸಿದ ತಾಯಂದಿರು ನಮ್ಮ ಊರುಗಳಲ್ಲಿ ಎಷ್ಟು ಮಂದಿಯಿಲ್ಲ! ಈ ಪುಟಗಳನ್ನು ಓದಿದವರಿಗೆ ಬೊಮ್ಮನು ಹನ್ನೆರಡನೆಯ ಶತಮಾನದ ಅಪರೂಪದ ಜೀವವಾಗಿ ಉಳಿಯುವುದಿಲ್ಲ. ಕಡಲಾಚೆ ದುಡಿಯಲು ಹೋಗಿ, ಇನ್ನೊಬ್ಬರ ಲೆಕ್ಕದ ಪುಸ್ತಕದಲ್ಲಿ ಮಾತ್ರ ಹೆಸರು ಉಳಿಸಿ ಹೋಗುವವರು ಇಂದಿಗೂ ಇದ್ದಾರೆ.

ಗ್ರಂಥ ಪ್ರಕಟವಾದ ಬಳಿಕವೂ ಈ ಮನೆಯ ಕಾಗದಗಳ ಅಧ್ಯಯನ ನಿಂತಿಲ್ಲ. ೧೯೮೫ರಲ್ಲಿ ತೀರಿಕೊಂಡ ಗೊಯ್ಟೈನರು ಭಾರತದ ವ್ಯಾಪಾರವನ್ನು ಕುರಿತು ಕೂಡಿಸಿಟ್ಟಿದ್ದ ಪತ್ರಗಳನ್ನು ಪ್ರಾಧ್ಯಾಪಕ ಫ್ರೀಡ್‌ಮನ್ನರು ಪೂರ್ತಿಗೊಳಿಸಿ ೨೦೦೮ರಲ್ಲಿ ಹೊರತಂದರು. ಬೆನ್ ಯಿಜು ಹಡಗೇರುವಾಗ ಕಟ್ಟಿಕೊಂಡ ಸಾಮಾನುಗಳ ಒಂದೇ ಪಟ್ಟಿಯನ್ನು ಹಿಡಿದು ಎಲಿಜಬೆತ್ ಲ್ಯಾಂಬೋರ್ನ್ ಎಂಬ ವಿದುಷಿ ೨೦೧೮ರಲ್ಲಿ ಒಂದು ಇಡೀ ಗ್ರಂಥವನ್ನೇ ರಚಿಸಿದರು. ಒಂದು ಸಾಮಾನು ಪಟ್ಟಿಯಿಂದ ಒಂದು ಗ್ರಂಥ ಹುಟ್ಟಬಹುದಾದರೆ, ನಮ್ಮ ಅಟ್ಟಗಳ ಮೇಲಿರುವ ಕಡತಗಳಿಂದ ಏನು ತಾನೆ ಹುಟ್ಟಲಾರದು?

ಕಾಸರಗೋಡಿನ ಸೀಮೆಯ ಹಳೆಯ ಮನೆಗಳಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಕಾಲದ ಕನ್ನಡ ಪತ್ರಗಳಿವೆ. ೧೯೫೬ರ ಬಳಿಕದ ಮಲಯಾಳದ ಪತ್ರಗಳಿವೆ. ನಡುವೆ ಆಂಗ್ಲಭಾಷೆಯ ಮೊಹರುಗಳೂ ಇವೆ. ತನ್ನ ಹಿರಿಯರನ್ನು ಅರಸುವ ನಮ್ಮ ವಿದ್ಯಾರ್ಥಿಯು ಅವರನ್ನು ಒಂದೇ ಲಿಪಿಯಲ್ಲಿ ಕಾಣಲಾರನು. ಬೊಮ್ಮನು ಹೀಬ್ರೂ ಅಕ್ಷರಗಳಲ್ಲಿ ಉಳಿದಂತೆ, ಅವನ ಮುತ್ತಜ್ಜನು ಅವನಿಗೆ ಬಾರದ ಅಕ್ಷರಗಳಲ್ಲಿ ಉಳಿದಿರಬಹುದು. ಆದುದರಿಂದ ಮೊದಲು ಲಿಪಿಯನ್ನು ಕಲಿಯಲಿ. ಅಜ್ಜಿಯ ಮಾತನ್ನು ಅಜ್ಜಿಯ ನುಡಿಯಲ್ಲೇ ಬರೆದುಕೊಳ್ಳಲಿ. ಆಸ್ತಿಪತ್ರದಲ್ಲಿ ಹೆಸರಿಲ್ಲದ ಹೆಣ್ಣುಮಕ್ಕಳನ್ನೂ ಮನೆಯ ಹಿತ್ತಿಲಲ್ಲಿ ದುಡಿದ ಆಳುಮಕ್ಕಳನ್ನೂ ಕೇಳಿ ಬರೆಯಲಿ. ಆಧಾರ ಸಿಕ್ಕಿದಲ್ಲಿ ಧೈರ್ಯವಾಗಿ ಹೇಳಲಿ. ಸಿಕ್ಕದಲ್ಲಿ ‘ಬಹುಶಃ’ ಎಂಬ ಮಾತನ್ನು ಬರೆದು, ಪ್ರಬಂಧದ ಕೊನೆಯ ಪುಟದವರೆಗೂ ಅದನ್ನು ಅಳಿಸದಿರಲಿ. ಅಧ್ಯಾಪಕರು ತಿದ್ದುವಾಗ ಆ ಮಾತಿಗೆ ಅಂಕ ಕಳೆಯದಿರಲಿ. ಘೋಷರ ಈ ಗ್ರಂಥವನ್ನು ಅದರ ಗುಣಕ್ಕಾಗಿಯೂ ದೋಷಕ್ಕಾಗಿಯೂ ನಮ್ಮ ಶಾಲೆಗಳ ವಾಚನಾಲಯಗಳು ತರಿಸಿಕೊಳ್ಳಬೇಕೆಂದು ಸೂಚಿಸಿ ಈ ಪರಾಮರ್ಶೆಯನ್ನು ಮುಗಿಸುತ್ತೇವೆ.